ಫ್ಯಾನ್, ಫ್ರಿಜ್, ಲ್ಯಾಪ್‌ಟಾಪ್: ಮನೆಯಲ್ಲಿ ರೆಕಾರ್ಡ್ ಆದ ಒಂದು ಹಾಡಿನ ಪ್ರಕರಣ

ಈ ಪ್ರಕರಣದ ಹಾಡುಗಾರ್ತಿಗೆ ಹಾಡಲು ಚೆನ್ನಾಗಿಯೇ ಬರುತ್ತದೆ. ಶ್ರುತಿ ಗಟ್ಟಿ, ತಾಳ ಜಾರುವುದಿಲ್ಲ. ಮೈಕ್ ಕೂಡ ತೆಗೆದುಹಾಕುವಂಥದ್ದಲ್ಲ. ಆದರೂ ಮಿಕ್ಸ್ ಮಾಡಿಕೊಡಿ (ದನಿ, ವಾದ್ಯಗಳನ್ನು ಹದವಾಗಿ ಸೇರಿಸಿಕೊಡಿ) ಅಂತ ಅವರು ನನಗೆ ಕಳಿಸಿದ ಫೈಲ್‌ನಲ್ಲಿ ದನಿ ನೀರೊಳಗಿಂದ ಬಂದ ಹಾಗೆ ಕೇಳುತ್ತಿತ್ತು. 'ಹೂವು' ಅಂತ ಹಾಡಿದ್ದು 'ಊವು' ಆಗಿತ್ತು. ಎಳೆದ ಸ್ವರ ತಣ್ಣಗೆ ಇಳಿಯುವ ಬದಲು ಪಟ್ಟನೆ ನಿಂತುಹೋಗುತ್ತಿತ್ತು. ಎರಡು ಸಾಲುಗಳ ನಡುವೆ ಪೂರ್ತಿ ನಿಶ್ಶಬ್ದ. ಮುಂದಿನ ಸಾಲು ಶುರುವಾದ ಕೂಡಲೇ ದನಿಯ ಜೊತೆಗೇ ಒಂದು 'ಸ್ಸ್' ಎದ್ದು ಬರುತ್ತಿತ್ತು. ಅಂದರೆ ಅವರು ಸಾಫ್ಟ್‌ವೇರ್‌ನಿಂದ ತೆಗೆಯಲು ನೋಡಿದ್ದ ಹಿನ್ನೆಲೆಯ ಸದ್ದು ಹೋಗಿರಲಿಲ್ಲ, ದನಿಯ ಹಿಂದೆ ಅಡಗಿತ್ತು ಅಷ್ಟೆ.

"ಸರ್, ಇದಕ್ಕಿಂತ ಒಳ್ಳೆ ನಾಯ್ಸ್ ರಿಮೂವಲ್ ಸಾಫ್ಟ್‌ವೇರ್ ಯಾವುದಿದೆ ಹೇಳಿ, ಅದನ್ನೇ ಹಾಕ್ತೀನಿ" ಅಂದರು.

"ಮೇಡಂ, ಮೊದಲು ಏನೂ ಮಾಡದೇ ಇರೋ ಫೈಲ್ ಕಳಿಸಿ. ಹಾಡು ಶುರುವಾಗೋ ಮುಂಚಿನ ಖಾಲಿ ಜಾಗಾನೂ ಇರಲಿ" ಅಂದೆ.

ಆ ಖಾಲಿ ಜಾಗವೇ ನನಗೆ ಬೇಕಾಗಿದ್ದಿದ್ದು. ಯಾರೂ ಹಾಡದೇ ಇರುವಾಗ ಮೈಕ್ ಏನು ಕೇಳಿಸಿಕೊಳ್ಳುತ್ತಿದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಮನೆಯಲ್ಲಿ ಇದ್ದದ್ದು

ಒಂದು ಸಾಧಾರಣ ಕೋಣೆ. ಗೋಡೆಗೆ ಒತ್ತಿ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರ ಪಕ್ಕದಲ್ಲೇ ಸಣ್ಣ ಸ್ಟ್ಯಾಂಡಿನ ಮೇಲೆ ಕಂಡೆನ್ಸರ್ ಮೈಕ್ (ಸ್ಟುಡಿಯೋಗಳಲ್ಲಿ ಬಳಸುವ ಸೂಕ್ಷ್ಮ ಜಾತಿ). ಮೈಕ್ ಕಾರ್ಡಿಯಾಯ್ಡ್ ಮಾದರಿಯದು, ಅಂದರೆ ಮುಂದಿನಿಂದ ಬರುವುದನ್ನು ಜಾಸ್ತಿ ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ತುಂಬಾ ಕಡಿಮೆ ಹಿಡಿಯುತ್ತದೆ. ಮೈಕ್‌ನಿಂದ ಆಡಿಯೋ ಇಂಟರ್‌ಫೇಸ್ (ಮೈಕ್ ಹಿಡಿದದ್ದನ್ನು ಕಂಪ್ಯೂಟರ್‌ಗೆ ತಲುಪಿಸುವ ಪೆಟ್ಟಿಗೆ), ಅಲ್ಲಿಂದ ಲ್ಯಾಪ್‌ಟಾಪ್. ಹಾಡುವವರು ಕುರ್ಚಿಯಲ್ಲಿ ಕೂತು, ಮೈಕ್‌ನಿಂದ ಸುಮಾರು 45 ಸೆಂ.ಮೀ. ದೂರದಲ್ಲಿ ಹಾಡುತ್ತಿದ್ದರು. ಬೆನ್ನ ಹಿಂದೆ ರಸ್ತೆ ಕಡೆಯ ಕಿಟಕಿ. ಮೇಲೆ ಸೀಲಿಂಗ್ ಫ್ಯಾನ್. ಪಕ್ಕದ ಕೋಣೆಯಲ್ಲಿ, ಅದೇ ಗೋಡೆಯ ಆ ಬದಿಗೆ, ಫ್ರಿಜ್.

ಗೋಡೆಗೆ ಅಲ್ಲಲ್ಲಿ ಫೋಮ್ ಚೌಕಗಳನ್ನು ಅಂಟಿಸಿದ್ದರು. ಅದರ ಮಾತು ಆಮೇಲೆ.

ರೆಕಾರ್ಡ್ ಆದ ಮೇಲೆ ಅವರು ಮಾಡಿದ್ದು ಇಷ್ಟು: ಮೊದಲು ಕಂಪ್ರೆಸರ್ (ಜೋರು-ಮೆತ್ತಗಿನ ವ್ಯತ್ಯಾಸ ಕಡಿಮೆ ಮಾಡುವುದು), ಆಮೇಲೆ ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಸದ್ದನ್ನು ಒತ್ತುವುದು) 24 ಡಿಬಿ, ಅಂದರೆ ಡೆಸಿಬೆಲ್, ಅದಾದ ಮೇಲೂ ಸದ್ದು ಕೇಳಿದ್ದರಿಂದ ನಾಯ್ಸ್ ಗೇಟ್ (ದನಿ ಇಲ್ಲದಾಗ ಸದ್ದನ್ನು ಪೂರ್ತಿ ಮುಚ್ಚುವುದು). ಒಂದೊಂದೂ ಹಿಂದಿನದರ ಹಾನಿಯನ್ನು ಮುಚ್ಚಲು ಬಂದದ್ದು. ಈ ಸಾಲುಸಾಲು ಚಿಕಿತ್ಸೆಯನ್ನು ನಾನು ತುಂಬಾ ಫೈಲ್‌ಗಳಲ್ಲಿ ನೋಡಿದ್ದೇನೆ. ಯಾರೂ ಬೇಕು ಅಂತ ಮಾಡುವುದಲ್ಲ, ಒಂದು ಹೆಜ್ಜೆ ಇನ್ನೊಂದಕ್ಕೆ ಎಳೆದುಕೊಂಡು ಹೋಗುತ್ತದೆ.

ಅಂತರವೇ ಲೆಕ್ಕ

ಏನೂ ಮಾಡದ ಫೈಲ್ ಬಂದ ಮೇಲೆ ಮೊದಲು 80 ಹರ್ಟ್ಜ್‌ಗೆ ಒಂದು ಹೈಪಾಸ್ ಫಿಲ್ಟರ್ ಹಾಕಿದೆ, ಅಂದರೆ ಅದಕ್ಕಿಂತ ತಗ್ಗಿನ ಕಂಪನಗಳನ್ನು ಕತ್ತರಿಸುವ ಜರಡಿ. ಅಳೆಯುವುದಕ್ಕಾಗಿ ಮಾತ್ರ. ಫ್ಯಾನ್ ತಿರುಗುವಾಗ ಗಾಳಿ ಮೈಕ್‌ಗೆ ಬಡಿದು, ನೆಲದ ನಡುಕ ಸ್ಟ್ಯಾಂಡಿಗೆ ಹತ್ತಿ, ತೀರಾ ಕೆಳಗಿನ ಕಂಪನಗಳು ಮೀಟರನ್ನು ಎತ್ತಿಬಿಡುತ್ತವೆ. ಕಿವಿಗೆ ಅವು ಅಷ್ಟಾಗಿ ಕೇಳುವುದಿಲ್ಲ. ಫಿಲ್ಟರ್ ಇಲ್ಲದೆ ಅಳೆದರೆ ಇಲ್ಲದ ಭಯ ಹುಟ್ಟುತ್ತದೆ.

ಈ ಮೀಟರ್‌ನಲ್ಲಿ ಸೊನ್ನೆಯೇ ಅತಿ ಜೋರು, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸದ್ದು ಮೆತ್ತಗೆ. ಹಾಡಿನ ಸಾಲುಗಳಲ್ಲಿ ದನಿಯ ಸರಾಸರಿ ಮಟ್ಟ ಸುಮಾರು ಮೈನಸ್ 30 ಡಿಬಿ. ಖಾಲಿ ಜಾಗದಲ್ಲಿ ಸದ್ದಿನ ಮಟ್ಟ ಮೈನಸ್ 52. ಅಂತರ 22 ಡಿಬಿ. ಈ ಪ್ರಕರಣದಲ್ಲಿ ನೋಡಬೇಕಾದ ಸಂಖ್ಯೆ ಇದೊಂದೇ. ಸದ್ದು ಎಷ್ಟಿದೆ ಅನ್ನುವುದಲ್ಲ, ದನಿಗೂ ಸದ್ದಿಗೂ ನಡುವೆ ಎಷ್ಟು ಜಾಗ ಇದೆ ಅನ್ನುವುದು.

ಈಗ ಕಂಪ್ರೆಸರ್ ಏನು ಮಾಡುತ್ತದೆ ನೋಡಿ. ಜೋರಾದ ಕಡೆ ದನಿಯನ್ನು 8 ಡಿಬಿ ಕೆಳಗೆ ಒತ್ತಿ, ಆಮೇಲೆ ಒಟ್ಟು ಮಟ್ಟವನ್ನು 8 ಡಿಬಿ ಮೇಲಕ್ಕೆ ಎತ್ತುತ್ತದೆ. ದನಿ ಇದ್ದಲ್ಲೇ ಇರುತ್ತದೆ. ಖಾಲಿ ಜಾಗದ ಸದ್ದನ್ನು ಯಾರೂ ಒತ್ತಿರುವುದಿಲ್ಲ, ಅದು ಮಾತ್ರ 8 ಡಿಬಿ ಮೇಲೆ ಬರುತ್ತದೆ. 22 ಇದ್ದ ಅಂತರ 14ಕ್ಕೆ ಇಳಿಯಿತು. ಆಗ ಯಾರಿಗೇ ಆಗಲಿ ಗಾಬರಿ ಆಗುತ್ತದೆ. ನಾಯ್ಸ್ ರಿಡಕ್ಷನ್‌ನ ಗುಂಡಿಯನ್ನು ಕೊನೆವರೆಗೂ ತಿರುಗಿಸುತ್ತಾರೆ.

ಅವರು ಇನ್ನೊಂದು ಪ್ರಯೋಗವನ್ನೂ ಮಾಡಿ ನೋಡಿದ್ದರು. ಇಂಟರ್‌ಫೇಸ್‌ನ ಗೇನ್ (ಮೈಕ್ ಹಿಡಿದದ್ದನ್ನು ಎತ್ತುವ ಗುಂಡಿ) ಕಡಿಮೆ ಮಾಡಿದರೆ ಸದ್ದು ಕಮ್ಮಿ ಆಗುತ್ತೆ ಅಂತ ಯಾರೋ ಹೇಳಿದ್ದರಂತೆ. ಕಮ್ಮಿ ಆಗುತ್ತದೆ ನಿಜ. ದನಿಯೂ ಅಷ್ಟೇ ಕಮ್ಮಿ ಆಗುತ್ತದೆ! ಆಮೇಲೆ ಎತ್ತಿದಾಗ ಎರಡೂ ಒಟ್ಟಿಗೆ ಏರುತ್ತವೆ. ಅಂತರ ಒಂದು ಕೂದಲಷ್ಟೂ ಬದಲಾಗುವುದಿಲ್ಲ. ಗೇನ್‌ಗೆ ಒಂದೇ ಕೆಲಸ: ಜೋರಾಗಿ ಹಾಡಿದಾಗ ಒಡೆಯಬಾರದು. 24 ಬಿಟ್‌ನಲ್ಲಿ (ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಒಂದು ಸೆಟ್ಟಿಂಗ್) ರೆಕಾರ್ಡ್ ಮಾಡಿದರೆ ಅತಿ ಜೋರಾದ ಜಾಗ ಮೈನಸ್ 12 ಮತ್ತು ಮೈನಸ್ 6ರ ನಡುವೆ ಬಂದರೆ ಸಾಕು. 24 ಬಿಟ್‌ಗೆ ಸಿದ್ಧಾಂತದಲ್ಲಿ 144 ಡಿಬಿ ಹರವು ಇದೆ. ಮನೆಯ ಕೋಣೆಯ ಸದ್ದು ಅದರ ತಳಕ್ಕಿಂತ ಎಷ್ಟೋ ಮೇಲೆ ಇರುತ್ತದೆ, ಹಾಗಾಗಿ ಕಡಿಮೆ ಗೇನ್‌ನಿಂದ ಡಿಜಿಟಲ್ ಸದ್ದು ಬರುತ್ತೆ ಅನ್ನುವ ಚಿಂತೆಯೂ ಬೇಡ.

ಡೈನಾಮಿಕ್ ಮೈಕ್ (ವೇದಿಕೆಗಳಲ್ಲಿ ಕೈಯಲ್ಲಿ ಹಿಡಿಯುವ ಜಾತಿ) ಕೊಂಡರೆ ಸರಿಹೋಗುತ್ತಾ ಅನ್ನುವುದು ಅವರ ಮುಂದಿನ ಪ್ರಶ್ನೆ. ಇದು ಎಲ್ಲ ಕಡೆ ಓಡಾಡುವ ಮಾತು: ಕಂಡೆನ್ಸರ್ ಎಲ್ಲಾ ಹಿಡಿಯುತ್ತೆ, ಡೈನಾಮಿಕ್ ದನಿ ಮಾತ್ರ ಹಿಡಿಯುತ್ತೆ. ಡೈನಾಮಿಕ್ ಮೈಕ್‌ಗೆ ದನಿ ಯಾವುದು, ಫ್ಯಾನ್ ಯಾವುದು ಅಂತ ಗೊತ್ತಾಗುವುದಿಲ್ಲ. 1966ರಿಂದ ವೇದಿಕೆಗಳ ಮೇಲಿರುವ ಶೂರ್ ಎಸ್‌ಎಂ58 ತೆಗೆದುಕೊಳ್ಳಿ. ಒಂದು ಪಾಸ್ಕಲ್ ಒತ್ತಡದ ಸದ್ದಿಗೆ ಅದು ಕೊಡುವುದು 2 ಮಿಲಿವೋಲ್ಟ್‌ಗಿಂತ ಕಡಿಮೆ. ಸಾಧಾರಣ ಕಂಡೆನ್ಸರ್ ಅದರ ಹತ್ತರಷ್ಟು ಕೊಡಬಹುದು. ಆದರೆ ದನಿಗೂ ಹತ್ತರಷ್ಟು, ಫ್ಯಾನ್‌ಗೂ ಹತ್ತರಷ್ಟು. ಅದೇ ದೂರ, ಅದೇ ಕಾರ್ಡಿಯಾಯ್ಡ್ ಮಾದರಿ ಇದ್ದರೆ ಅಂತರ ಹೆಚ್ಚುಕಮ್ಮಿ ಒಂದೇ. ಡೈನಾಮಿಕ್ ಮೈಕ್ 'ನಿಶ್ಶಬ್ದ' ಅನ್ನಿಸುವುದು ಯಾಕೆ ಅಂದರೆ ಜನ ಅದನ್ನು ತುಟಿಗೆ ಹಚ್ಚಿಕೊಂಡು ಹಾಡುತ್ತಾರೆ. ಅಷ್ಟೇ. ಹೊಸ ಮೈಕ್ ಬೇಡ ಅಂದೆ.

ಒಂದೊಂದಾಗಿ ಆರಿಸಿದ್ದು

ಮುಂದಿನ ಕೆಲಸ ಅವರದೇ ಮನೆಯಲ್ಲಿ, ಅವರೇ ಮಾಡಿದ್ದು. ನಾನು ಫೋನಿನಲ್ಲಿದ್ದೆ. ಗೇನ್ ಮುಟ್ಟಬಾರದು, ಮೈಕ್ ಅಲ್ಲಾಡಿಸಬಾರದು. ರೆಕಾರ್ಡ್ ಒತ್ತಿ, ಅರ್ಧ ನಿಮಿಷ ಸುಮ್ನೆ ಕೂರಬೇಕು. ಆಮೇಲೆ ಒಂದು ವಸ್ತುವಿನ ಸ್ವಿಚ್ ಆರಿಸಿ ಮತ್ತೆ ಅರ್ಧ ನಿಮಿಷ.

ಅವರು ಮೊದಲು ಫ್ರಿಜ್ ಆರಿಸಿದರು. ಅವರ ಅನುಮಾನವೆಲ್ಲ ಅದರ ಮೇಲೆಯೇ ಇತ್ತು, ರಾತ್ರಿ ಹೊತ್ತು ಅದರ ಗುಂಯ್ ಚೆನ್ನಾಗಿ ಕೇಳುತ್ತದಂತೆ. ಮೀಟರ್ ಅರ್ಧ ಡಿಬಿಯೂ ಇಳಿಯಲಿಲ್ಲ. "ಹಾಗಾದ್ರೆ ಫ್ರಿಜ್ ಅಲ್ಲ ಬಿಡಿ" ಅಂದರು.

ಇಲ್ಲೇ ತುಂಬಾ ಜನ ದಾರಿ ತಪ್ಪುವುದು. ಸದ್ದುಗಳು ಸಂಖ್ಯೆಗಳ ಹಾಗೆ ಕೂಡುವುದಿಲ್ಲ. ಒಂದೇ ಜೋರಿನ ಎರಡು ಬೇರೆ ಬೇರೆ ಸದ್ದು ಸೇರಿದರೆ ಒಟ್ಟು ಏರುವುದು 3 ಡಿಬಿ ಮಾತ್ರ. ಒಂದು ಇನ್ನೊಂದಕ್ಕಿಂತ 10 ಡಿಬಿ ಜೋರಾಗಿದ್ದರೆ, ಚಿಕ್ಕದು ಸೇರಿಸುವುದು ಅರ್ಧ ಡಿಬಿಗಿಂತ ಕಡಿಮೆ. ಹಾಗಾಗಿ ದೊಡ್ಡ ಸದ್ದು ಓಡುತ್ತಿರುವಾಗ ಚಿಕ್ಕದನ್ನು ಆರಿಸಿದರೆ ಏನೂ ಗೊತ್ತಾಗುವುದಿಲ್ಲ. ಚಿಕ್ಕದು ಇಲ್ಲವೆಂದು ಅರ್ಥವಲ್ಲ, ದೊಡ್ಡದರ ನೆರಳಿನಲ್ಲಿದೆ.

ಫ್ಯಾನ್ ಆರಿಸಿದರು. ಮೈನಸ್ 52 ಇದ್ದದ್ದು ಮೈನಸ್ 60ಕ್ಕೆ ಬಿತ್ತು. 8 ಡಿಬಿ, ಒಂದೇ ಏಟಿಗೆ. ಈಗ ಮತ್ತೆ ಫ್ರಿಜ್ ಆರಿಸಿ ಅಂದೆ. ಈ ಸಲ ಮೈನಸ್ 63. ಅದೇ ಫ್ರಿಜ್, ಆದರೆ ಈಗ 3 ಡಿಬಿ ವ್ಯತ್ಯಾಸ. ಫ್ಯಾನ್ ನಿಂತ ಮೇಲೆ ಕೋಣೆಯಲ್ಲಿ ಉಳಿದಿದ್ದ ಸದ್ದಿನಲ್ಲಿ ಅರ್ಧ ಪಾಲು ಅದರದೇ ಆಗಿತ್ತು.

ಮೂರನೆಯದು ಲ್ಯಾಪ್‌ಟಾಪ್. ಕಿವಿಗೆ ಅದರ ಫ್ಯಾನ್ ಕೇಳುತ್ತಲೇ ಇರಲಿಲ್ಲ ಅಂತ ಅವರ ವಾದ. ಆದರೆ ಮೈಕ್ ಇದ್ದದ್ದು ಅದರಿಂದ ಒಂದು ಗೇಣು ದೂರದಲ್ಲಿ. ಉದ್ದ ಕೇಬಲ್ ಹಾಕಿ ಮೈಕನ್ನು ಕೋಣೆಯ ಇನ್ನೊಂದು ಬದಿಗೆ ಒಯ್ದ ಮೇಲೆ ಮೈನಸ್ 66. ಚಾರ್ಜರ್ ಕಿತ್ತಾಗ ಇನ್ನೊಂದು ಸಣ್ಣ 'ಕೀ' ಸದ್ದು ಕೂಡ ಹೋಯಿತು. ಮೀಟರ್‌ನಲ್ಲಿ ಅದು ಕಾಣಲಿಲ್ಲ, ಸ್ಪೆಕ್ಟ್ರೋಗ್ರಾಮ್‌ನಲ್ಲಿ (ತಗ್ಗಿನ ಸದ್ದು ಕೆಳಗೆ, ಮೇಲಿನದು ಮೇಲೆ ಕಾಣುವ ಚಿತ್ರ) ಮಾತ್ರ ಉದ್ದಕ್ಕೂ ಒಂದು ತೆಳು ಗೆರೆಯಾಗಿ ಕಾಣುತ್ತಿತ್ತು. ಇಂಥ ಗೆರೆ ಒಂದೇ ಎತ್ತರದಲ್ಲಿ ನೇರವಾಗಿ ಹೋದರೆ ಅದು ಬಹುತೇಕ ಯಂತ್ರದ್ದು, ಇಲ್ಲವೇ ಕರೆಂಟಿನದು. ಕರೆಂಟಿನ ಗುಂಯ್ ಆಗಿದ್ದರೆ 50 ಹರ್ಟ್ಜ್ ಇರುವ ದೇಶಗಳಲ್ಲಿ 50, 100, 150 ಅಂತ, 60 ಇರುವಲ್ಲಿ 60, 120, 180 ಅಂತ ಒಂದರ ಮೇಲೊಂದು ಗೆರೆ ಸಿಗುತ್ತವೆ. ಇವರ ಮನೆಯಲ್ಲಿ ಆ ಕಾಟ ಇರಲಿಲ್ಲ. ರೆಕಾರ್ಡ್ ಮಾಡುವಾಗ ಬ್ಯಾಟರಿಯಲ್ಲಿ ಓಡಿಸಿ ಅಂದೆ, ಅಲ್ಲಿಗೆ ಮುಗಿಯಿತು.

ಒಟ್ಟು 14 ಡಿಬಿ ಸಿಕ್ಕಿತು. ಒಂದು ಸ್ವಿಚ್, ಒಂದು ಪ್ಲಗ್, ಒಂದು ಕೇಬಲ್.

ಫ್ರಿಜ್ ಬಗ್ಗೆ ಒಂದು ಮಾತು. ಆರಿಸಿದ್ದನ್ನು ಮರೆತರೆ ಒಳಗಿನದೆಲ್ಲ ಕೆಡುತ್ತದೆ. ಶೂಟಿಂಗ್‌ಗಳಲ್ಲಿ ಸೌಂಡ್ ಹಿಡಿಯುವವರದು ಹಳೆಯ ಉಪಾಯ ಒಂದಿದೆ: ಗಾಡಿಯ ಕೀಲಿಯನ್ನು ಫ್ರಿಜ್ ಒಳಗೇ ಇಡುವುದು. ಕೀಲಿ ಇಲ್ಲದೆ ಮನೆಗೆ ಹೋಗಲಾಗುವುದಿಲ್ಲ, ಕೀಲಿ ತೆಗೆಯುವಾಗ ಸ್ವಿಚ್ ನೆನಪಾಗುತ್ತದೆ. ಇವರು ತಮ್ಮ ಮನೆಯಲ್ಲೇ ಇರುವುದರಿಂದ ಕೀಲಿ ಕೆಲಸಕ್ಕೆ ಬಾರದು, ಹಾಗಾಗಿ ಫೋನನ್ನು ಒಳಗಿಟ್ಟರು. ಸ್ವಲ್ಪ ಹೊತ್ತಿಗೆ ಏನೂ ಆಗುವುದಿಲ್ಲ, ಅಲ್ಲದೆ ಹಾಡುವಾಗ ಫೋನ್ ಹತ್ತಿರ ಇರದಿರುವುದೂ ಒಳ್ಳೆಯದೇ ಅಲ್ವಾ.

45ರಿಂದ 15ಕ್ಕೆ

ಸದ್ದು ಇಳಿಸಿದ್ದಾಯಿತು. ಈಗ ದನಿಯನ್ನು ಹತ್ತಿರ ತರಬೇಕು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಬೆಲೆಯುಳ್ಳ ಬದಲಾವಣೆ ಇದು, ಖರ್ಚೂ ಇಲ್ಲ.

ಬಾಯಿಂದ ಮೈಕ್‌ಗೆ ಇರುವ ದೂರ ಅರ್ಧ ಆದರೆ ನೇರವಾಗಿ ತಲುಪುವ ದನಿ 6 ಡಿಬಿ ಏರುತ್ತದೆ. 45ರಿಂದ 15 ಸೆಂ.ಮೀ.ಗೆ ಬಂದರೆ ದೂರ ಮೂರನೇ ಒಂದು ಭಾಗ ಆಯಿತು, ಏರಿಕೆ ಸುಮಾರು 9.5 ಡಿಬಿ. ಫ್ಯಾನ್, ರಸ್ತೆ, ಫ್ರಿಜ್ ಎಲ್ಲವೂ ಎಂದಿನ ದೂರದಲ್ಲೇ ಇರುತ್ತವೆ, ಅವು ಏರುವುದಿಲ್ಲ. ಆ 9.5 ಪೂರ್ತಿ ಅಂತರಕ್ಕೆ ಸೇರುತ್ತದೆ. ಗೋಡೆಗೆ ಬಡಿದು ವಾಪಸ್ ಬರುವ ದನಿಯೂ ಹೋಲಿಕೆಯಲ್ಲಿ ಕೆಳಗಿಳಿಯುತ್ತದೆ, ಕೋಣೆಯ ಗೊಳ್ಳು, ಅಂದರೆ ಆ ಪ್ರತಿಧ್ವನಿ, ಕೇಳಿಸುವುದು ಕಡಿಮೆ ಆಗುತ್ತದೆ. ಆ ಗೊಳ್ಳನ್ನು ನಾಯ್ಸ್ ರಿಡಕ್ಷನ್ ತೆಗೆಯಲಾರದು. ಅದು ದನಿಯದೇ ನೆರಳು, ದನಿ ಇದ್ದಾಗ ಮಾತ್ರ ಇರುತ್ತದೆ.

ಹತ್ತಿರ ಬಂದರೆ ಎರಡು ತೊಂದರೆ. ಒಂದು, ಕಾರ್ಡಿಯಾಯ್ಡ್ ಮೈಕ್‌ಗಳಿಗೆ ಹತ್ತಿರದಿಂದ ಹಾಡಿದರೆ ತಗ್ಗಿನ ಸ್ವರಗಳು ಉಬ್ಬುತ್ತವೆ. ಅದನ್ನು ಆಮೇಲೆ ಈಕ್ಯೂನಲ್ಲಿ (ತಗ್ಗು, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) ಇಳಿಸಬಹುದು. ಇಳಿಸುವಾಗ ಕೆಳಗಿನ ಸದ್ದೂ ಇಳಿಯುವುದು ಬೋನಸ್. ಎರಡು, 'ಪ', 'ಬ', 'ಭ' ಬಂದಾಗೆಲ್ಲ ಬಾಯಿಯ ಗಾಳಿ ಮೈಕ್‌ಗೆ ಹೊಡೆಯುತ್ತದೆ. ಇದಕ್ಕೆ ಪಾಪ್ ಫಿಲ್ಟರ್, ಅಂದರೆ ಮೈಕ್‌ನ ಮುಂದೆ ಇಡುವ ಗಾಳಿ ತಡೆಯುವ ಪರದೆ, ಬೇಕು. ಅದರ ಜೊತೆಗೆ ಮೈಕನ್ನು ಬಾಯಿಗೆ ನೇರ ಎದುರು ಇಡದೆ, ಸ್ವಲ್ಪ ಪಕ್ಕಕ್ಕೆ ಸರಿಸಿ, ಮುಖ ಮಾತ್ರ ಬಾಯಿಯ ಕಡೆ ತಿರುಗಿಸಿದೆವು. ಗಾಳಿ ಪಕ್ಕದಿಂದ ದಾಟಿ ಹೋಗುತ್ತದೆ, ದನಿ ಮಾತ್ರ ತಲುಪುತ್ತದೆ.

ಮೇಲಿನ ಸ್ವರಕ್ಕೆ ಹೋಗುವಾಗ ಅವರು ಹಿಂದಕ್ಕೆ ಬಾಗುತ್ತಿದ್ದರು, ವೇದಿಕೆಯ ಅಭ್ಯಾಸ. ಅದನ್ನು ಪೂರ್ತಿ ಬಿಡಿಸುವುದು ಬೇಡ. ಆದರೆ ಹಿಂದೆ ಹೋದಾಗಲೆಲ್ಲ ಕೋಣೆ ಮುಂದೆ ಬರುತ್ತದೆ. 25 ಸೆಂ.ಮೀ. ದಾಟಬೇಡಿ ಅಂತ ಹೇಳಿ, ಪಾಪ್ ಫಿಲ್ಟರನ್ನೇ ಗುರುತಿಗೆ ಇಟ್ಟುಕೊಂಡೆವು.

ಕಿಟಕಿ ಮತ್ತು ಫೋಮ್

ಅವರು ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಮೈಕ್ ಅವರ ಕಡೆ ನೋಡುತ್ತಿತ್ತು, ಅಂದರೆ ಅವರ ಭುಜದ ಆಚೆಗಿನ ಕಿಟಕಿಯ ಕಡೆಗೂ ನೋಡುತ್ತಿತ್ತು. ರಸ್ತೆಯ ಸದ್ದು ಮೈಕ್‌ನ ಎದೆಗೇ ಬಂದು ಬೀಳುತ್ತಿತ್ತು. ಇದನ್ನು ತಿರುಗಿಸಿದೆವು. ಈಗ ಹಾಡುವವರು ಕಿಟಕಿಗೆ ಮುಖ ಮಾಡುತ್ತಾರೆ, ಮೈಕ್‌ನ ಬೆನ್ನು ಕಿಟಕಿಗೆ. ಕಾರ್ಡಿಯಾಯ್ಡ್ ಮೈಕ್ ಅತಿ ಕಡಿಮೆ ಕೇಳುವುದು ನೇರ ಬೆನ್ನ ಹಿಂದೆ, 180 ಡಿಗ್ರಿಯಲ್ಲಿ. ಇನ್ನೂ ಕಿರಿದಾಗಿ ಹಿಡಿಯುವ ಸೂಪರ್‌ಕಾರ್ಡಿಯಾಯ್ಡ್ ಮಾದರಿ ಆಗಿದ್ದರೆ ಆ ಜಾಗ ಸುಮಾರು 126 ಡಿಗ್ರಿಗೆ ಸರಿಯುತ್ತದೆ, ಆಗ ಕಿಟಕಿಯನ್ನು ಓರೆಯಾಗಿ ಹಿಂದೆ ಇಡಬೇಕಾಗುತ್ತದೆ. ಮೈಕ್ ಡಬ್ಬಿಯ ಮೇಲಿನ ಚಿತ್ರ ನೋಡಿ ಕೂರುವ ಜಾಗ ತೀರ್ಮಾನಿಸಬೇಕು.

ಇದರಿಂದ ಸಿಕ್ಕಿದ್ದು 2 ಡಿಬಿ ಆಸುಪಾಸು. ಅಷ್ಟೇನಾ ಅನ್ನಿಸಬಹುದು. ಕೋಣೆಯೊಳಗೆ ಬಂದ ಸದ್ದು ನಾಲ್ಕೂ ಗೋಡೆಗೆ ಬಡಿದು ಎಲ್ಲ ಕಡೆಯಿಂದಲೂ ಬರುತ್ತದೆ. ಹಾಗಾಗಿ ಕಾಗದದ ಮೇಲಿನಷ್ಟು ಲಾಭ ಮನೆಯಲ್ಲಿ ಸಿಗುವುದಿಲ್ಲ.

ಈಗ ಹಾಡುವವರ ಬೆನ್ನ ಹಿಂದೆ ಏನಿದೆ ಅನ್ನುವುದು ಮುಖ್ಯ ಆಗುತ್ತದೆ, ಮೈಕ್ ನೋಡುತ್ತಿರುವುದು ಅತ್ತ ಕಡೆಗೆ. ಅಲ್ಲಿ ಬಟ್ಟೆ ತುಂಬಿದ ಕಪಾಟು ಇತ್ತು. ಬಾಗಿಲು ತೆರೆದಿಟ್ಟರು, ಪಕ್ಕದಲ್ಲಿ ಎರಡು ದಪ್ಪ ಕಂಬಳಿ ತೂಗುಹಾಕಿದರು, ಗೋಡೆಗೆ ಅಂಟದ ಹಾಗೆ ಒಂದು ಗೇಣು ಮುಂದೆ. ಗೊಳ್ಳು ಇನ್ನಷ್ಟು ತಗ್ಗಿತು.

ಫೋಮ್ ಚೌಕಗಳ ವಿಷಯ. ಅವು ಹೊರಗಿನ ಸದ್ದನ್ನು ತಡೆಯುತ್ತವೆ ಅಂತ ನಂಬಿ ಹಾಕಿದ್ದರು. ತಡೆಯುವುದಿಲ್ಲ. ಸದ್ದು ತಡೆಯಲು ಭಾರ ಬೇಕು, ಬಿರುಕು ಇರಬಾರದು. ಫೋಮ್‌ಗೆ ಭಾರವೇ ಇಲ್ಲ. ಅದು ಮಾಡುವುದು ಕೋಣೆಯೊಳಗೆ ಬಡಿದು ವಾಪಸ್ ಬರುವ ಮೇಲಿನ ಸ್ವರಗಳನ್ನು ಹೀರುವುದು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 100 ಹರ್ಟ್ಜ್‌ನ ಒಂದು ಅಲೆಯ ಉದ್ದ 3.4 ಮೀಟರ್. ಅದರ ಕಾಲು ಭಾಗ ಅಂದರೂ 86 ಸೆಂ.ಮೀ. ಲಾರಿಯ ಗುಡುಗಿಗೆ 5 ಸೆಂ.ಮೀ. ಫೋಮ್ ಲೆಕ್ಕಕ್ಕೇ ಇಲ್ಲ. ತೆಗೆಯಬೇಕಾಗಿಲ್ಲ, ಇರಲಿ. ಇನ್ನಷ್ಟು ಕೊಳ್ಳುವುದು ಬೇಡ.

ಅದಕ್ಕಿಂತ ಬಾಗಿಲ ಕೆಳಗಿನ ಸಂದಿ ನೋಡುವುದು ವಾಸಿ. ಒಂದು ಗೋಡೆಯ ವಿಸ್ತಾರದಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ, ಗೋಡೆ ಎಷ್ಟೇ ದಪ್ಪ ಇರಲಿ, ಅದು 20 ಡಿಬಿಗಿಂತ ಜಾಸ್ತಿ ತಡೆಯಲಾರದು. ಒಂದು ಟವೆಲ್ ಸುರುಳಿ ಸುತ್ತಿ ಒತ್ತಿದರು. ಒಳಮನೆಯ ಟಿವಿ ಮಾತು ಅಲ್ಲಿಗೆ ಅಸ್ಪಷ್ಟ ಆಯಿತು.

ಹೆಡ್‌ಫೋನ್‌ನಿಂದ ಸೋರಿದ್ದು

ಇದು ನನಗೆ ಕೊನೆಗೆ ಗೊತ್ತಾದದ್ದು, ಬೇರೆ ಸದ್ದೆಲ್ಲ ಇಳಿದ ಮೇಲೆ. ಸಾಲುಗಳ ನಡುವೆ ತೀರಾ ಸಣ್ಣದಾಗಿ ಹಿನ್ನೆಲೆ ವಾದ್ಯದ ಟ್ರ್ಯಾಕ್‌ನ ತಾಳ ಕೇಳುತ್ತಿತ್ತು. ತಮ್ಮ ದನಿ ತಮಗೆ ಕೇಳಬೇಕು ಅಂತ ಅವರು ಹೆಡ್‌ಫೋನ್‌ನ ಒಂದು ಬದಿ ಕಿವಿಯಿಂದ ತೆಗೆದು ಹಾಡುತ್ತಿದ್ದರು. ಹಾಡುವವರಲ್ಲಿ ತುಂಬಾ ಜನ ಹೀಗೇ ಮಾಡುತ್ತಾರೆ, ತಪ್ಪಲ್ಲ. ಆದರೆ ತೆಗೆದ ಬದಿಯಿಂದ ಟ್ರ್ಯಾಕ್ ನೇರ ಮೈಕ್‌ಗೆ ಹೋಗುತ್ತದೆ. ಈ ಸೋರಿಕೆಯನ್ನು ಯಾವ ನಾಯ್ಸ್ ರಿಡಕ್ಷನ್ನೂ ಹಿಡಿಯುವುದಿಲ್ಲ, ಅದು ಒಂದೇ ಸಮನೆ ಇರುವ ಸದ್ದಲ್ಲ. ಟ್ರ್ಯಾಕ್‌ಗೆ ಆಮೇಲೆ ಬೇರೆ ವಾದ್ಯ ಹಾಕಿದರೆ ಹಳೆಯದು ದನಿಯ ಹಿಂದೆ ಉಳಿದೇಬಿಡುತ್ತದೆ.

ಪರಿಹಾರ ಸುಲಭ. ಟ್ರ್ಯಾಕನ್ನು ಒಂದೇ ಕಿವಿಗೆ ಕಳಿಸಿ, ಇನ್ನೊಂದು ಬದಿಗೆ ಏನೂ ಕಳಿಸಬೇಡಿ. ಆಮೇಲೆ ಆ ಬದಿಯನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ.

ಸಾಫ್ಟ್‌ವೇರ್‌ಗೆ ಉಳಿದ ಕೆಲಸ

ಹೊಸದಾಗಿ ಹಾಡಿ ಕಳಿಸಿದ ಫೈಲ್‌ನಲ್ಲಿ ಅಂತರ 47 ಡಿಬಿ ಹತ್ತಿರ ಬಂದಿತ್ತು. 22 ಇದ್ದದ್ದಕ್ಕೆ 14 ಸದ್ದು ಆರಿಸಿದ್ದರಿಂದ, 9.5 ಹತ್ತಿರ ಬಂದದ್ದರಿಂದ, ಉಳಿದದ್ದು ತಿರುಗಿ ಕೂತದ್ದರಿಂದ. ಕಂಪ್ರೆಸರ್ 8 ತಿಂದರೂ 39 ಉಳಿಯುತ್ತದೆ. ಹಿಂದೆ ವಾದ್ಯ ಇದ್ದರೆ ಅಷ್ಟು ಧಾರಾಳ ಸಾಕು. ನಾಯ್ಸ್ ರಿಡಕ್ಷನ್ ಹಾಕದೆಯೇ ಬಿಡಬಹುದಿತ್ತು. ಆದರೆ ಈ ಹಾಡಿನಲ್ಲಿ ಎರಡು ಕಡೆ ವಾದ್ಯ ಪೂರ್ತಿ ನಿಂತು ದನಿ ಒಂಟಿಯಾಗುತ್ತದೆ, ಅಲ್ಲಿ ಸ್ವಲ್ಪ ಬೇಕಿತ್ತು.

ಈ ಸಾಧನ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಹಳೆಯ ಫೈಲ್ ಯಾಕೆ ಹಾಗಾಯಿತು ಅನ್ನುವುದೂ ತಿಳಿಯುತ್ತದೆ. 1979ರಲ್ಲಿ ಸ್ಟೀವನ್ ಬೋಲ್ ಅನ್ನುವವರು ಮಾತಿನ ರೆಕಾರ್ಡಿಂಗ್‌ಗಾಗಿ ವಿವರಿಸಿದ ವಿಧಾನದ ಮೂಲ ಆಲೋಚನೆ ಇವತ್ತಿಗೂ ಅನೇಕ ಸಾಫ್ಟ್‌ವೇರ್‌ಗಳ ತಳದಲ್ಲಿದೆ. ಖಾಲಿ ಜಾಗವನ್ನು ತೋರಿಸಿದರೆ ಸಾಫ್ಟ್‌ವೇರ್ ಅದನ್ನು ತಗ್ಗಿನ ಸ್ವರದಿಂದ ಮೇಲಿನ ಸ್ವರದವರೆಗೆ ನೂರಾರು ಸಣ್ಣ ಪಟ್ಟಿಗಳಾಗಿ ಒಡೆದು, ಪ್ರತಿ ಪಟ್ಟಿಯಲ್ಲಿ ಸದ್ದು ಎಷ್ಟಿದೆ ಅಂತ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಹಾಡಿನ ಉದ್ದಕ್ಕೂ ಯಾವ ಪಟ್ಟಿ ಆ ಮಟ್ಟದ ಆಸುಪಾಸಿನಲ್ಲಿದೆಯೋ ಅದನ್ನು ಒತ್ತುತ್ತದೆ. ಸದ್ದು ಕ್ಷಣಕ್ಷಣಕ್ಕೂ ಸ್ವಲ್ಪ ಏರಿಳಿಯುತ್ತದಲ್ಲ, ಆಗ ಕೆಲವು ಪಟ್ಟಿಗಳು ತಪ್ಪಿಸಿಕೊಳ್ಳುತ್ತವೆ. ಹಾಗೆ ಒಂಟಿಯಾಗಿ ಮೂಡಿ ಮಾಯವಾಗುವ ಚೂರುಗಳು ಕಿವಿಗೆ ಸಣ್ಣ ಸಣ್ಣ ಸ್ವರಗಳಾಗಿ ಕೇಳುತ್ತವೆ. ಇದಕ್ಕೆ 'ಮ್ಯೂಸಿಕಲ್ ನಾಯ್ಸ್' ಅನ್ನುತ್ತಾರೆ. ಜಾಸ್ತಿ ಒತ್ತಿದಷ್ಟೂ ಜಾಸ್ತಿ.

ಇನ್ನು ಆ 'ಊವು'. 'ಹ', 'ಸ', 'ಶ' ಇವೆಲ್ಲ ಗಾಳಿಯ ಅಕ್ಷರಗಳು. ಅವುಗಳ ಸ್ವಭಾವವೇ ಫ್ಯಾನಿನ ಸದ್ದಿನದು, ಅನೇಕ ಪಟ್ಟಿಗಳಲ್ಲಿ ಹರಡಿಕೊಂಡಿರುತ್ತವೆ. 'ಸ', 'ಶ' ಜೋರಾಗಿರುವುದರಿಂದ ಹೇಗೋ ಉಳಿಯುತ್ತವೆ. 'ಹ' ಮೆತ್ತಗಿರುತ್ತದೆ, ಸದ್ದಿನ ಮಟ್ಟಕ್ಕೆ ಹತ್ತಿರ ಇರುತ್ತದೆ. 24 ಡಿಬಿ ಒತ್ತಿದಾಗ ಮೊದಲು ಹೋಗುವುದು ಅದೇ. ಅದರ ಹಿಂದೆ ಉಸಿರು, ಎಳೆದ ಸ್ವರದ ಬಾಲ.

ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ನಾವು ಇಟ್ಟದ್ದು ರಿಡಕ್ಷನ್ 6 ಡಿಬಿ, ಸೆನ್ಸಿಟಿವಿಟಿ 6, ಫ್ರೀಕ್ವೆನ್ಸಿ ಸ್ಮೂತಿಂಗ್ 3. ಸಂಖ್ಯೆ ನಂಬಬೇಡಿ, ಅಲ್ಲೇ ಇರುವ 'ರೆಸಿಡ್ಯೂ' ಆಯ್ಕೆ ನಂಬಿ. ಅದನ್ನು ಒತ್ತಿ ಪ್ರಿವ್ಯೂ ಮಾಡಿದರೆ ಏನನ್ನು ತೆಗೆಯುತ್ತಿದೆಯೋ ಅದು ಮಾತ್ರ ಕೇಳುತ್ತದೆ. ಬರೀ 'ಸ್ಸ್' ಕೇಳಿದರೆ ಸರಿ. ಅದರೊಳಗೆ ಹಾಡಿನ ಪದ ಗುರುತು ಹಿಡಿಯುವಷ್ಟು ಕೇಳಿದರೆ ದನಿಯನ್ನೂ ತೆಗೆಯುತ್ತಿದ್ದೀರಿ ಅಂತ ಅರ್ಥ. ಅವರ ಹಳೆಯ ಸೆಟ್ಟಿಂಗ್‌ನಲ್ಲಿ ರೆಸಿಡ್ಯೂ ಕೇಳಿಸಿದೆ. ಪಲ್ಲವಿ ಪೂರ್ತಿ ಅರ್ಥ ಆಗುತ್ತಿತ್ತು! ಅವರೇ ನಕ್ಕುಬಿಟ್ಟರು.

ಮಾದರಿಗೆ ತೋರಿಸುವ ಖಾಲಿ ಜಾಗ ಅದೇ ಟೇಕ್‌ನದೇ ಆಗಿರಬೇಕು. ಬೇರೆ ದಿನದ್ದು, ಬೇರೆ ಗೇನ್‌ನದ್ದು ನಡೆಯುವುದಿಲ್ಲ. ಹಾಡುವ ಜಾಗದಲ್ಲೇ ನಿಂತು, ಉಸಿರು ಬಿಗಿಹಿಡಿದು, ಕೆಲವು ಸೆಕೆಂಡು ಬಿಟ್ಟು ಆಮೇಲೆ ಶುರು ಮಾಡುವುದನ್ನು ಅವರು ಈಗ ರೂಢಿ ಮಾಡಿಕೊಂಡಿದ್ದಾರೆ. ಕ್ರಮವೂ ಬದಲಾಯಿತು: ಹೈಪಾಸ್, ನಾಯ್ಸ್ ರಿಡಕ್ಷನ್, ಕೈಯಿಂದ ಮಾಡುವ ಸ್ವಚ್ಛತೆ, ಎಲ್ಲ ಆದ ಮೇಲೆ ಕಂಪ್ರೆಸರ್.

ಒಂದೇ ಗುಂಡಿಯ ಎಐ ಸಾಧನಗಳ ಬಗ್ಗೆಯೂ ಕೇಳಿದರು. ಅವುಗಳಲ್ಲಿ ಬಹಳಷ್ಟು ಮಾತಿಗಾಗಿ ತಯಾರಾದವು. 2017ರಲ್ಲಿ ಬಂದ ಆರ್‌ಎನ್‌ನಾಯ್ಸ್ ಅನ್ನುವ ಸಾಧನ ಕೂಡ ಮಾತನ್ನು ಗುರಿಯಾಗಿಟ್ಟುಕೊಂಡದ್ದೇ. ಮಾತಿನಲ್ಲಿ ಒಂದು ಸ್ವರ ನಾಲ್ಕು ಸೆಕೆಂಡು ಅಲ್ಲಾಡದೆ ನಿಲ್ಲುವುದಿಲ್ಲ, ಹಾಡಿನಲ್ಲಿ ನಿಲ್ಲುತ್ತದೆ. ಅಂಥದ್ದನ್ನು ಇವು ಕೆಲವೊಮ್ಮೆ ಸದ್ದು ಅಂತಲೇ ತಿಳಿದು ಅಳಿಸಲು ಹೊರಡುತ್ತವೆ. ಕಂಪ್ಯೂಟರ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ, ಮೀಟಿಂಗ್ ಆಪ್‌ಗಳಲ್ಲಿ ಇರುವ ನಾಯ್ಸ್ ಸಪ್ರೆಷನ್ ಕೂಡ ಇದೇ ಜಾತಿ. ಹಾಡು ರೆಕಾರ್ಡ್ ಮಾಡುವಾಗ ಅದನ್ನು ಆರಿಸಿಡಬೇಕು.

ಗೇಟ್ ಬೇಡ ಅಂದೆ. ಗೇಟ್‌ಗೆ ತೆರೆ, ಮುಚ್ಚು ಎರಡೇ ಗೊತ್ತು. ಒಂದು ಹಾಡಿನಲ್ಲಿ ಸಾಲುಗಳ ನಡುವಿನ ಖಾಲಿ ಜಾಗ ಎಷ್ಟಿರುತ್ತವೆ ಮಹಾ! ಕೈಯಿಂದಲೇ ಒಂದೊಂದನ್ನು ಗುರುತಿಸಿ 6ರಿಂದ 10 ಡಿಬಿ ಇಳಿಸಿದೆವು, ಎರಡೂ ತುದಿಗೆ ಸಣ್ಣ ಫೇಡ್ (ನಿಧಾನ ಏರಿಳಿತ) ಹಾಕಿ. ಪೂರ್ತಿ ಸೊನ್ನೆ ಮಾಡಲಿಲ್ಲ. ಸದ್ದು ಇದ್ದಕ್ಕಿದ್ದಂತೆ ಇಲ್ಲವಾದರೆ ಕಿವಿ ಅದನ್ನೇ ಗಮನಿಸುತ್ತದೆ. ಸಾಲಿಗೆ ಮುಂಚಿನ ಉಸಿರನ್ನೂ ಉಳಿಸಿದೆವು.

ಜೊತೆದನಿಗಳಿಗೆ ಮಾತ್ರ ಬೇರೆ ನಿಯಮ. ಪಲ್ಲವಿಯಲ್ಲಿ ಅವರು ತಮ್ಮದೇ ದನಿಯನ್ನು ನಾಲ್ಕು ಟ್ರ್ಯಾಕ್ ಪೇರಿಸಿದ್ದರು. ಪ್ರತಿ ಟ್ರ್ಯಾಕ್ ತನ್ನ ಕೋಣೆಯ ಸದ್ದು ಹೊತ್ತು ತರುತ್ತದೆ, ನಾಲ್ಕು ಸೇರಿದರೆ ಸದ್ದು 6 ಡಿಬಿ ಏರುತ್ತದೆ. ಅಲ್ಲಿ ಖಾಲಿ ಜಾಗಗಳನ್ನು ನಿಷ್ಕರುಣೆಯಿಂದ ಪೂರ್ತಿ ಕತ್ತರಿಸಿದೆ. ಮುಖ್ಯ ದನಿ ಮುಂದಿರುವಾಗ ಆ ಕತ್ತರಿ ಯಾರಿಗೂ ಕೇಳುವುದಿಲ್ಲ.

ಬಗೆಹರಿಯದ ಒಂದು ಜಾಗ

ಎರಡನೇ ಚರಣದಲ್ಲಿ ವಾದ್ಯ ನಿಲ್ಲುವ ಕಡೆ, ಎರಡು ಸಾಲಿನ ಉದ್ದಕ್ಕೂ ಹೊರಗೆ ಲಾರಿಯೊಂದು ಹೋಗಿದೆ. ಅದರ ಗುಡುಗು 150 ಹರ್ಟ್ಜ್‌ವರೆಗೂ ಹರಡಿದೆ. ಅವರು ಹಾಡುತ್ತಿರುವ ತಗ್ಗು ಸ್ವರ 196 ಹರ್ಟ್ಜ್ ಹತ್ತಿರ. ಲಾರಿಯ ಸದ್ದು ಏರಿ ಇಳಿಯುತ್ತದೆ, ಹಾಗಾಗಿ ನಾಯ್ಸ್ ರಿಡಕ್ಷನ್‌ಗೆ ಸಿಗುವುದಿಲ್ಲ. ಹೈಪಾಸ್ ಮೇಲೆ ಎತ್ತಿದರೆ ದನಿಯ ಎದೆ ಸಣ್ಣಗಾಗುತ್ತದೆ.

ಆ ಎರಡು ಸಾಲನ್ನು ರಾತ್ರಿ ಮತ್ತೆ ಹಾಡಿಸಿದೆ. ರಸ್ತೆ ಖಾಲಿ, ಅಂತರ ಇನ್ನೂ ಚೆನ್ನಾಗಿ ಬಂತು. ಆದರೆ ಮನೆಯವರೆಲ್ಲ ಮಲಗಿದ್ದರು, ಅವರು ಮೆಲ್ಲಗೆ ಹಾಡಿದರು. ಹಗಲಿನ ಸಾಲುಗಳ ನಡುವೆ ಸೇರಿಸಿದಾಗ ಹಾಡು ಅಲ್ಲಿಗೆ ಬಂದು ಕುಗ್ಗಿತು. ಎರಡನ್ನೂ ಅವರಿಗೆ ಕಳಿಸಿದೆ, ಯಾವುದು ಯಾವುದು ಅಂತ ಹೇಳದೆ. ಅವರೂ ಹಗಲಿನದನ್ನೇ ಆರಿಸಿದರು. ಆ ಎರಡು ಸಾಲಿಗೆ ಮಾತ್ರ ಹೈಪಾಸ್ 140ಕ್ಕೆ ಏರಿಸಿ, ಉಳಿದಷ್ಟು ಲಾರಿ ಉಳಿಯಲಿ ಅಂತ ಬಿಟ್ಟು, ಮಿಕ್ಸ್ ಮುಗಿಸಿ ಕಳಿಸಿದೆ.